ಹಸಿರು ದಾರದ ಕ್ಯಾನು

ಖಡಕ್ ರೊಟ್ಟಿ ಕೈಯಲ್ಲಿ ಮುರಿದರೆ ಒಂದು ಸದ್ದು, ಹಲ್ಲಿಗೆ ಸಿಕ್ಕರೆ ಇನ್ನೊಂದು. ಆ ಸೋಮವಾರ ನಿಡಗುಂದಿ ದಾಟಿ ಮುದ್ದೇಬಿಹಾಳದ ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ವ್ಯಾನಿನ ಹಿಂಭಾಗದಿಂದ ಕೇಳಿಸಿದ್ದು ಇವೆರಡೂ ಅಲ್ಲ. ರಟ್ಟಿನ ಪೆಟ್ಟಿಗೆಯೊಳಗೆ, ಮಡಿಸಿದ ಬಟ್ಟೆಯ ಅಡಿಯಲ್ಲಿ, ಒಂದರ ಮೇಲೊಂದು ಪೇರಿಸಿದ್ದ ರೊಟ್ಟಿಗಳು ಒಟ್ಟಿಗೆ ಬಿರುಕುಬಿಡುವ ಸದ್ದು ಅದು. ಎಂಜಿನ್ ಒಮ್ಮೆ ಜಗ್ಗಿತು, ಬಿಟ್ಟಿತು, ಮತ್ತೆ ಜಗ್ಗಿತು. ಏರು ಮುಗಿಯುವ ಮೊದಲೇ ನಿಂತುಹೋಯಿತು.

“ಏನಾತ್ರಿ ಕಾಕಾ?”

“ಉಸಿರ ಕಟ್ಟಾಕತ್ತೈತ್ರಿ ಭಾಬಿ,” ಎಂದರು ನಮ್ಮ ಡ್ರೈವರ್ ಕಾಕಾ. “ಸ್ವಲ್ಪ ಬಿಟ್ರ ತಾನ ಹೊಂಟೀತು.”

ಅರ್ಧ ತಾಸು ಬಿಟ್ಟೆವು. ಅವರು ಕೀಲಿ ತಿರುಗಿಸಿದರು. ಏನೂ ಆಗಿಯೇ ಇಲ್ಲವೆಂಬಂತೆ ಗಾಡಿ ಹೊರಟಿತು. ಅದು ನಿಂತದ್ದಕ್ಕಿಂತ, ಕಾಕಾ ಹೇಳಿದ ಹಾಗೆಯೇ ಹೊರಟದ್ದು ನನ್ನ ಮನಸ್ಸಿನಲ್ಲಿ ಉಳಿಯಿತು.

ಬಸವನ ಬಾಗೇವಾಡಿಯ ನಮ್ಮ ಮನೆಯ ಹಿತ್ತಲಿನಲ್ಲಿ ನಾಲ್ವರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಒಣಗಿಸಿ, ಪೇರಿಸಿ, ಪೆಟ್ಟಿಗೆಗೆ ತುಂಬುವುದು ನಾನು. ಸೋಮವಾರ ಮುದ್ದೇಬಿಹಾಳ, ತಾಳಿಕೋಟೆ. ಗುರುವಾರ ಸಿಂದಗಿ, ಇಂಡಿ. ಖಾನಾವಳಿಗಳಿಗೂ ಎರಡು ಹಾಸ್ಟೆಲ್ಲುಗಳಿಗೂ ನಾನೇ ವ್ಯಾನಿನಲ್ಲಿ ಕೂತುಹೋಗಿ ಕೊಟ್ಟುಬರುತ್ತೇನೆ. ಮನೆಯವರಿಗೆ ಇಂಡಿಯ ಕಾಲೇಜೊಂದರಲ್ಲಿ ಗುಮಾಸ್ತಿಕೆ. ವಾರಕ್ಕೊಮ್ಮೆ ಊರಿಗೆ ಬರುತ್ತಾರೆ. ಹೀಗಾಗಿ ವಾರವೆಲ್ಲ ಮನೆಯಲ್ಲಿರುವುದು ನಾನು ಮತ್ತು ನಮ್ಮ ಅತ್ತೆ. ಅವರನ್ನು ನಾನು ಅಮ್ಮಾ ಎಂದೇ ಕರೆಯುವುದು.

ಗಾಡಿ ಓಡಿಸುವ ದಿನಗಳಲ್ಲಿ ಕಾಕಾನಿಗೆ ಮಧ್ಯಾಹ್ನದ ಬುತ್ತಿ ನಮ್ಮ ಮನೆಯದು. ಎರಡು ಅಂಕಣದ ಸ್ಟೀಲ್ ಡಬ್ಬಿ. ಮರುದಿನ ಅದು ತೊಳೆದು ಬರುವಾಗ ಒಳಗೆ ಏನಾದರೊಂದು ಇರುತ್ತಿತ್ತು: ಒಂದು ಹಿಡಿ ಶೇಂಗಾ, ನಾಲ್ಕು ಬಾರೆಹಣ್ಣು, ಒಮ್ಮೆ ಬರೀ ಕರಿಬೇವಿನ ಒಂದು ಎಸಳು. ನಮ್ಮ ಕಡೆ ಯಾರೂ ಇನ್ನೊಬ್ಬರ ಡಬ್ಬಿಯನ್ನು ಬರಿದಾಗಿ ಮರಳಿಸುವುದಿಲ್ಲ. ಇದನ್ನು ಯಾರೂ ಕೂರಿಸಿ ಕಲಿಸುವುದೂ ಇಲ್ಲ.

ಇನ್ನು ಪೆಟ್ರೋಲಿನ ಮಾತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ನಾಲ್ಕು ತಿಂಗಳಿಂದ ನಾವು ಪಂಪಿನಲ್ಲಿ ಪೆಟ್ರೋಲ್ ಹಾಕಿಸುತ್ತಿರಲಿಲ್ಲ. ಮಂಗಳವಾರ, ಶನಿವಾರ ಒಬ್ಬ ಮನುಷ್ಯ ಮೋಟಾರ್ ಸೈಕಲ್ಲಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ. ತುಂಬಿದ್ದನ್ನು ಇಳಿಸಿ, ಹಿಂದಿನ ಸಲದ ಖಾಲಿಯನ್ನು ಒಯ್ಯುತ್ತಿದ್ದ. ಕ್ಯಾನುಗಳು ಅವನವೇ, ಆದರೆ ಮನೆಗೊಂದು ಗುರುತು: ಹಿಡಿಕೆಗೆ ಬಣ್ಣದ ದಾರ. ನಮ್ಮದು ಹಸಿರು. ಪಂಪಿಗಿಂತ ಬಹಳ ಅಗ್ಗ. ಎಲ್ಲಿಂದ ತರುತ್ತೀರಿ ಎಂದು ಮೊದಲ ದಿನ ಕೇಳಿದ್ದೆ.

“ನಳದ ನೀರ ಎಲ್ಲಿಂದ ಬರ್ತೈತಿ ಅಂತ ಕೇಳ್ತೀರೇನ್ರಿ ಭಾಬಿ? ಕೊಡಾ ಹಿಡಿತೀರಿ, ಹೌದಿಲ್ಲ?” ಎಂದು ನಕ್ಕಿದ್ದ.

ಹೆದ್ದಾರಿಯಲ್ಲಿ ನಿಲ್ಲುವ ಟ್ಯಾಂಕರುಗಳಿಂದ ಇಳಿಸಿಕೊಂಡದ್ದಿರಬಹುದೆಂದು ಊಹಿಸುವುದು ಕಷ್ಟವಿರಲಿಲ್ಲ. ವಿಜಯಪುರದ ಕಾನ್ವೆಂಟಿನಲ್ಲಿ ಹತ್ತು ವರ್ಷ ನೀತಿಪಾಠ ಓದಿದವಳು ನಾನು, ಮತ್ತೆ ಕೇಳಲಿಲ್ಲ. ಕಾಕಾ ಮಾತ್ರ ಮೊದಲ ದಿನವೇ ಅಂದಿದ್ದರು: “ಇದ ಬ್ಯಾಡ್ರಿ ಭಾಬಿ. ಎಂಜಿನ್ ಬಾಯಿ ಇಲ್ಲದ ಜೀವ. ಹಾಕಿದ್ದ ಕುಡೀತೈತಿ.” ನಾನು ಕೇಳಲಿಲ್ಲ. ಪ್ರತಿ ಸಲ ಅಂಗಳದಲ್ಲಿ ನಿಂತು, ಮುಖ ಒಂದು ಬದಿಗೆ ತಿರುಗಿಸಿಕೊಂಡು, ಲಾಳಿಕೆಯಿಟ್ಟು ಅವರೇ ಸುರಿಯುತ್ತಿದ್ದರು.

ಮುಂದಿನ ಸೋಮವಾರ ತಾಳಿಕೋಟೆಯಿಂದ ಮರಳುವಾಗ ಮತ್ತೆ ಅದೇ ಆಯಿತು. ಜಗ್ಗುವುದು, ನಿಲ್ಲುವುದು, ಅರ್ಧ ತಾಸು, ಹೊರಡುವುದು. ಆ ಸಂಜೆ ನಾನೊಂದು ನೋಟ್‌ಬುಕ್ ತೆಗೆದೆ. ಗಾಡಿ ನಿಂತ ಜಾಗ, ಎಷ್ಟು ದೂರ ಓಡಿತ್ತು, ಏರೋ ಸಮವೋ, ಮುರಿದ ರೊಟ್ಟಿ ಎಷ್ಟು. ಕೊನೆಯಲ್ಲಿ ಇನ್ನೊಂದು ಅಂಕಣ ಎಳೆದೆ: ‘ಆಗ ಕಾಕಾ ಎಲ್ಲಿದ್ದರು?’ ಬರೆದ ಮೇಲೆ ಆ ಅಕ್ಷರಗಳು ಉಳಿದವಕ್ಕಿಂತ ದುಂಡಗೆ ಬಂದಂತೆ ಕಂಡವು. ನಾನು ಖಾನಾವಳಿಯೊಳಗೆ ರೊಟ್ಟಿ ಎಣಿಸಿಕೊಡುವಾಗಲೆಲ್ಲ ಕಾಕಾ ಗಾಡಿಯ ಬಳಿ ಒಬ್ಬರೇ ಇರುತ್ತಿದ್ದರು. ಈ ಪೆಟ್ರೋಲ್ ಬೇಡವೆಂದವರೂ ಅವರೇ. ತಮ್ಮ ಮಾತೇ ಸರಿಯಾಗಿತ್ತೆಂದು ತೋರಿಸಬೇಕಾದವರು ಏನು ಮಾಡಿಯಾರು?

ಅನುಮಾನ ಒಬ್ಬರ ಮೇಲೆಯೇ ನಿಲ್ಲುವುದಿಲ್ಲ. ಮಸೂತಿ ಎಂಬ ಊರಿನ ಕಡೆಯಿಂದ ಬಂದು ಬಾಗೇವಾಡಿಯಲ್ಲಿ ಗ್ಯಾರೇಜ್ ಇಟ್ಟ ಮೇಸ್ತ್ರಿಯ ಬಳಿ ಗಾಡಿ ಒಯ್ದೆವು. ಅವರು ಪ್ಲಗ್ಗುಗಳನ್ನು ಬಿಚ್ಚಿ ಹೊಸವನ್ನು ಹಾಕಿದರು. ಹಳೆಯ ನಾಲ್ಕನ್ನೂ ಒರೆಸಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ.

“ಅವನ್ನ ಯಾಕ್ರಿ ಇಟ್ಕೊಂಡ್ರಿ?”

“ಪ್ಲಗ್ ನೋಡಿದ್ರ ಎಂಜಿನ್ ಏನ ತಿಂದೈತಿ ತಿಳೀತೈತ್ರಿ ಭಾಬಿ. ಡಾಕ್ಟರ್ ನಾಲಿಗಿ ನೋಡಿದಂಗ.” ಒಂದನ್ನು ಹೊರತೆಗೆದು ಬೆಳಕಿಗೆ ಹಿಡಿದರು. ತುದಿ ಕಪ್ಪಗೆ ಹಸಿಹಸಿಯಾಗಿತ್ತು. “ಪೆಟ್ರೋಲ್ ಎಲ್ಲಿ ಹಾಕಸ್ತೀರಿ?”

“ಪಂಪಿನಲ್ಲೇ,” ಎಂದೆ.

ಕಾಕಾ ತಮ್ಮ ಚಪ್ಪಲಿ ನೋಡುತ್ತ ನಿಂತರು. ನನ್ನ ಸುಳ್ಳನ್ನು ಕೇಳಿಸಿಕೊಂಡು ಸುಮ್ಮನಿದ್ದ ಅವರ ಮೇಲೆ ನನಗೆ ಇನ್ನಷ್ಟು ಅನುಮಾನ ಬಂತು. ಎಷ್ಟು ವಿಚಿತ್ರ ನೋಡಿ! ಸುಳ್ಳು ಹೇಳಿದವಳು ನಾನು.

ಮೇಸ್ತ್ರಿ ಫಿಲ್ಟರ್ ಬದಲಿಸಿ ಕಳಿಸಿದರು. ಮೂರು ದಿನ ಗಾಡಿ ಚೆನ್ನಾಗಿ ಓಡಿತು. ಗುರುವಾರ ಸಿಂದಗಿಯ ಹಾಸ್ಟೆಲ್ಲಿಗೆ ಕೊಟ್ಟು ಇಂಡಿಯ ದಾರಿ ಹಿಡಿದೆವು. ಎರಡೂ ಬದಿ ಕಬ್ಬು. ಹನ್ನೊಂದೂವರೆಯ ಬಿಸಿಲು. ಮತ್ತೆ ಜಗ್ಗು, ಈ ಸಲ ಏರೂ ಇರಲಿಲ್ಲ. ಹಿಂದೆ ಪೆಟ್ಟಿಗೆಗಳು ಒಂದಕ್ಕೊಂದು ಬಡಿದವು.

ಕಾಕಾ ಇಳಿದು ಟ್ಯಾಂಕಿನ ಬದಿಗೆ ಕಿವಿಗೊಟ್ಟರು. “ಪಂಪಿನ ಸಪ್ಪಳ ಮೊದಲಿನಂಗಿಲ್ರಿ. ಟ್ಯಾಂಕಿನೊಳಗ ಒಂದ ಸಣ್ಣ ಪಂಪ್ ಇರ್ತೈತಿ, ಅದಕೊಂದ ಸೋಸೂ ಜಾಳಿಗಿ. ಜಾಳಿಗಿ ಕಟ್ಟೇತಿ ಅಂತ ನನಗ ಅನಸ್ತೈತಿ. ನಿಂತಾಗ ಕಸ ಕೆಳಗ ಕುಂದರ್ತೈತಿ, ಅದಕ ಮತ್ತ ಚಾಲೂ ಆಗ್ತೈತಿ.”

ಇಷ್ಟು ಗೊತ್ತಿದ್ದವರು ಮೇಸ್ತ್ರಿಯ ಮುಂದೆ ಯಾಕೆ ಹೇಳಲಿಲ್ಲ? ಕೈ ಒರೆಸಿಕೊಳ್ಳಲು ಅವರಿಗೊಂದು ಬಟ್ಟೆ ಬೇಕಿತ್ತು. ಡ್ಯಾಶ್‌ಬೋರ್ಡಿನ ಖಾನೆ ತೆರೆದೆ. ಬಟ್ಟೆಯ ಹಿಂದೆ, ಮೂಲೆಗೆ ಒತ್ತರಿಸಿ ಇಟ್ಟಂತೆ, ನಾಲ್ಕು ಮಡಿಕೆಯ ಎರಡು ಸಣ್ಣ ಕಾಗದದ ಪೊಟ್ಟಣ. ಒಂದರ ಅಂಚು ಬಿಚ್ಚಿತ್ತು. ಒಳಗೆ ಸಕ್ಕರೆ. ಚಹಾದ ಚಟವೇನೋ ಅಂದುಕೊಂಡು ಖಾನೆ ಮುಚ್ಚಿದೆ.

ಇಂಡಿ ಮುಟ್ಟಿದಾಗ ಊಟದ ಪಂಕ್ತಿ ಅರ್ಧ ಎದ್ದಿತ್ತು. ಖಾನಾವಳಿಯ ಮಾಲಕ ಪೆಟ್ಟಿಗೆ ತೆರೆದು ನೋಡಿ, “ಭಾಬಿ, ಇದನ್ನ ಎಣಿಸಿ ತಗೊಳ್ಳೂದೋ, ತೂಕಕ್ಕ ತಗೊಳ್ಳೂದೋ?” ಎಂದ. ಸುತ್ತಲಿದ್ದವರು ನಕ್ಕರು. ನಮ್ಮ ಮನೆಯವರೂ ಅಲ್ಲಿಗೆ ಬಂದಿದ್ದರು. ಅವರು ನಗಲಿಲ್ಲ. ನನ್ನನ್ನು ಬದಿಗೆ ಕರೆದು, “ಗಾಡಿ ಕೆಟ್ಟೈತೋ, ಯಾರರ ಕೆಡಸ್ಯಾರೋ, ಅದನ್ನ ಮೊದಲ ನೋಡು,” ಎಂದರು.

ಮರುದಿನ ಮೇಸ್ತ್ರಿ ಟ್ಯಾಂಕನ್ನೇ ಇಳಿಸಿದರು. ಕಾಕಾ ಅಂದದ್ದು ಸರಿಯಿತ್ತು: ಪಂಪಿನ ಬುಡದ ಜಾಳಿಗೆಗೆ ಅಂಟಂಟಾದ ಕಂದು ಪೊರೆ ಮೆತ್ತಿತ್ತು. ತಳದ ಪೆಟ್ರೋಲನ್ನು ಮೇಸ್ತ್ರಿ ಒಂದು ಗಾಜಿನ ಸೋಡಾ ಬಾಟಲಿಗೆ ಹಿಡಿದು, ಅಲುಗಿಸಿ, ಕಟ್ಟೆಯ ಮೇಲಿಟ್ಟರು. ನಾವು ಮೂವರೂ ಅದರೆದುರು ಕೂತೆವು. ಸ್ವಲ್ಪ ಹೊತ್ತಿಗೆ ಬಾಟಲಿಯೊಳಗೆ ಒಂದು ಗೆರೆ ಮೂಡಿತು. ಮೇಲೆ ತಿಳಿ ಬಣ್ಣದ ಪೆಟ್ರೋಲ್, ಕೆಳಗೆ ನಾಲ್ಕು ಬೆರಳಿನಷ್ಟು ಮಬ್ಬು.

“ನೀರ,” ಎಂದರು ಮೇಸ್ತ್ರಿ. “ಈಗಿನ ಪೆಟ್ರೋಲಿನ್ಯಾಗ ಎಥೆನಾಲ್ ಇರ್ತೈತಿ. ನೀರ ಕಂಡ್ರ ಅದು ಪೆಟ್ರೋಲ್ ಬಿಟ್ಟ ನೀರಿನ ಬೆನ್ನ ಹತ್ತತೈತಿ. ಎರಡೂ ಕೂಡಿ ತಳಕ್ಕ ಕುಂದರ್ತಾವು.” ಮೇಲಿನ ಪೆಟ್ರೋಲಿನ ಒಂದು ಹನಿಯನ್ನು ನನ್ನ ನೋಟ್‌ಬುಕ್ಕಿನ ಹಾಳೆಯ ಮೇಲೆ ಬಿಟ್ಟರು. ಅದು ಆರಿದ ಮೇಲೂ ಸೀಮೆಎಣ್ಣೆ ನಾರುವ ಒಂದು ವರ್ತುಲ ಉಳಿಯಿತು. “ಚಿಮಣಿ ಎಣ್ಣೀನೂ ಕೂಡಸ್ಯಾರ. ಚೊಲೋ ಪೆಟ್ರೋಲ್ ಗುರುತ ಬಿಡಂಗಿಲ್ಲ.”

ಆಮೇಲೆ ತಳದ ಮಬ್ಬಿನ ಒಂದು ಹನಿ ಬಿಟ್ಟರು. ಅದು ಆರಿದಾಗ ಕಾಗದ ಗಂಜಿ ಹಾಕಿದ ಬಟ್ಟೆಯಂತೆ ಬಿರುಸಾಯಿತು. ಅದನ್ನು ಮೊದಲು ಗಮನಿಸಿದವಳು ನಾನು. ಮೇಸ್ತ್ರಿ ಹುಬ್ಬು ಗಂಟಿಕ್ಕಿ, ಆ ಮಬ್ಬು ನೀರನ್ನಷ್ಟೇ ಬೇರೆ ಮಾಡಿ ಒಂದು ಸ್ಟೀಲ್ ತಾಟಿಗೆ ಸುರಿದು ತಗಡಿನ ಮೇಲೆ ಬಿಸಿಲಿಗಿಟ್ಟರು. ನಮ್ಮ ಬಿಸಿಲಿಗೆ ಬೆಂಕಿಯ ಹಂಗಿಲ್ಲ. ಮಧ್ಯಾಹ್ನದ ಹೊತ್ತಿಗೆ ತಾಟಿನಲ್ಲಿ ಉಳಿದದ್ದು ದಪ್ಪನೆಯ ಕಂದು ರಸ. ಮೇಸ್ತ್ರಿ ಮುಟ್ಟಿ, “ಗೋಂದ ಇದ್ದಂಗೈತಿ. ಏನಿದು?” ಎಂದರು.

ನಾನು ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಹನಿ ಹಿಡಿದು ನಿಧಾನ ಬಿಡಿಸಿದೆ. ಒಂದೇ ಒಂದು ಎಳೆ ಬಂತು, ಬಾಗಿತು, ತುಂಡಾಗಲಿಲ್ಲ. ಇಪ್ಪತ್ತು ವರ್ಷದಿಂದ ಪಾಕ ಹಿಡಿದು ಉಂಡಿ ಕಟ್ಟುವ ಬೆರಳುಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಒಂದೆಳೆ ಪಾಕ,” ಎಂದೆ. “ಇದು ಸಕ್ಕರಿ.”

ಮೇಸ್ತ್ರಿ ಕಾಕಾನ ಮುಖ ನೋಡಿದರು, ಆಮೇಲೆ ನನ್ನದು. “ಬರೇ ಪೆಟ್ರೋಲ್ ಇದ್ದಿದ್ರ ಸಕ್ರಿ ಕರಗತಿದ್ದಿಲ್ಲ, ಉಸುಕಿನಂಗ ತಳಕ್ಕ ಬಿದ್ದಿರತಿತ್ತು. ನೀರಿದ್ದದ್ದಕ್ಕ ಪಾಕಾಗಿ ಜಾಳಿಗಿಗೆ ಹತ್ತೇತಿ. ಆದ್ರ ಸಕ್ರಿ ತಾನಾಗಿ ನಡಕೊಂಡ ಹೋಗಂಗಿಲ್ರಿ ಭಾಬಿ. ಯಾರೋ ಬೇಕಂತನ ಹಾಕ್ಯಾರ. ಮತ್ತ ಇದು ಪಂಪಿನ ಪೆಟ್ರೋಲೂ ಅಲ್ಲ.”

ನನ್ನ ಕಿವಿ ಬಿಸಿಯಾದವು. ಆದರೆ ಆಗ ನನ್ನ ಕಣ್ಣ ಮುಂದಿದ್ದದ್ದು ನನ್ನ ಸುಳ್ಳಲ್ಲ, ಡ್ಯಾಶ್‌ಬೋರ್ಡಿನ ಆ ಎರಡು ಪೊಟ್ಟಣ.

ಫೋನಿನಲ್ಲಿ ವಿಷಯ ಕೇಳಿದ ಮನೆಯವರು ಒಂದೇ ಮಾತು ಅಂದರು: “ನಾಳಿಂದ ಅವರಿಗೆ ಬರಬ್ಯಾಡಂತ ಹೇಳು.” ಹನ್ನೆರಡು ವರ್ಷ ಗಾಡಿ ಓಡಿಸಿದ ಮನುಷ್ಯ. ಬಾಗೇವಾಡಿಯಂಥ ಊರಿನಲ್ಲಿ ‘ಮಾಲಕರ ಟ್ಯಾಂಕಿಗೆ ಸಕ್ಕರೆ ಹಾಕಿದವ’ ಎಂಬ ಹೆಸರು ಅಂಟಿದರೆ ಮತ್ತೊಬ್ಬರು ಕೀಲಿ ಕೊಡುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಂಜೆ ಅಂಗಳದಲ್ಲಿ ಅವರನ್ನು ನಿಲ್ಲಿಸಿ ಕೇಳಿದೆ. ಮೃದುವಾಗಿಯೇ ಕೇಳಿದೆ, ಅದು ಇನ್ನೂ ಕೆಟ್ಟದ್ದು.

“ಕಾಕಾ, ಖಾನೆಯೊಳಗ ಸಕ್ಕರಿ ಪೊಟ್ಟಣ ಅದಾವಲ್ರಿ. ಯಾಕ ಅವು?”

ಅವರು ಜೇಬಿನಿಂದ ಇನ್ನೊಂದು ಪೊಟ್ಟಣ, ಜೊತೆಗೆ ಒಂದು ಗುಳಿಗೆಯ ಪಟ್ಟಿ ತೆಗೆದು ಕಟ್ಟೆಯ ಮೇಲಿಟ್ಟರು. “ಸಕ್ರಿ ಬ್ಯಾನಿ ಐತ್ರಿ ನನಗ. ಎರಡ ವರ್ಷಾತು. ಊಟ ತಡಾದ್ರ ಕೈ ನಡಗತಾವು. ಆಗ ಒಂದ ಚಿಟಿಕಿ ಬಾಯಾಗ ಹಾಕೊಂತೇನಿ.”

“ಹೇಳಬೇಕಿತ್ತಲ್ರಿ ಮತ್ತ.”

“ಬ್ಯಾನಿ ಇದ್ದ ಡ್ರೈವರನ್ನ ಯಾರ ಇಟ್ಕೊಂತಾರ್ರಿ?” ವ್ಯಾನಿನ ಕೀಲಿಯನ್ನು ಗುಳಿಗೆಯ ಪಕ್ಕದಲ್ಲಿ, ಸದ್ದಾಗದಂತೆ ಇಟ್ಟರು. “ನೀವ ಕೇಳಿದ್ದ ಯಾವದಕ್ಕಂತ ತಿಳೀತ್ರಿ ಭಾಬಿ. ನಾ ಬರ್ತೇನಿ.”

ಗುಳಿಗೆ, ಪೊಟ್ಟಣ ಎತ್ತಿಕೊಂಡು ಹೋದರು. ಮರುದಿನ ಅವರ ಓಣಿಯ ಒಬ್ಬ ಹೆಣ್ಣುಮಗಳು ಬುತ್ತಿಡಬ್ಬಿ ತಂದುಕೊಟ್ಟಳು. ತೊಳೆದು ಒರೆಸಿತ್ತು. ಎರಡೂ ಅಂಕಣ ತೆರೆದು ನೋಡಿದೆ. ಏನೂ ಇರಲಿಲ್ಲ.

ಅಮ್ಮ ಕೇಳಿದಾಗ, “ಕಾಕಾ ಬೀಗರ ಊರಿಗೆ ಹೋಗ್ಯಾರ,” ಎಂದೆ. ಎರಡನೆಯ ಸುಳ್ಳು.

ಆ ಬರಿದಾದ ಡಬ್ಬಿ ನನ್ನನ್ನು ಬಿಡಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಹೆಣಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಒಂದು ಎಳೆ ತಪ್ಪಿದ್ದು ಕಂಡರೆ ಅಲ್ಲಿಂದ ಮುಂದಕ್ಕೆ ಹೆಣೆಯಲು ಬಿಡುತ್ತಿರಲಿಲ್ಲ. ತಪ್ಪು ಸಿಗುವವರೆಗೆ ಸಾಲುಸಾಲಾಗಿ ಹಿಂದಕ್ಕೆ ಬಿಚ್ಚಿಸುತ್ತಿದ್ದರು. ನಾನು ಮುಂದಕ್ಕೆ ಹೆಣೆದಿದ್ದೆ. ಟ್ಯಾಂಕಿನಲ್ಲಿ ಸಕ್ಕರೆ, ಪೊಟ್ಟಣದಲ್ಲಿ ಸಕ್ಕರೆ, ಮುಗಿಯಿತು ಎಂದುಕೊಂಡಿದ್ದೆ. ಟ್ಯಾಂಕಿಗೆ ಮೊದಲು ಲಾಳಿಕೆ, ಲಾಳಿಕೆಗೆ ಮೊದಲು ಕ್ಯಾನು. ಹೊಸ ಡ್ರೈವರನ್ನು ಹುಡುಕುವ ಮೊದಲು ಕ್ಯಾನಿನವರೆಗೆ ಬಿಚ್ಚಿ ನೋಡಬೇಕೆಂದು ನಿರ್ಧರಿಸಿದೆ. ಮನೆಯವರಿಗೂ ಹಾಗೆಯೇ ಹೇಳಿದೆ. “ನಿನಗ ಬ್ಯಾರೆ ಕೆಲಸ ಇಲ್ಲೇನ?” ಎಂದರು. ಇದೇ ಕೆಲಸ ಎಂದೆ.

ಶನಿವಾರ ಕ್ಯಾನಿನವನು ಬಂದು ತುಂಬಿದ ಕ್ಯಾನು ಇಟ್ಟು, ಖಾಲಿಯದನ್ನು ಒಯ್ದ. ಕಾಕಾ ಇರಲಿಲ್ಲ, ಈ ಕ್ಯಾನನ್ನು ಅವರು ಮುಟ್ಟಿರಲು ಸಾಧ್ಯವೇ ಇರಲಿಲ್ಲ. ಒಲೆಯಿಂದ ದೂರ, ಅಂಗಳದ ತುದಿಯಲ್ಲಿ, ಬಕೀಟಿನ ಬಾಯಿಗೆ ಬಟ್ಟೆ ಕಟ್ಟಿ ಸೋಸಿದೆ. ಬಿಳಿ ಬಟ್ಟೆಯಲ್ಲಿ ಬಿಳಿ ಹರಳು ಕಾಣಲಿಕ್ಕಿಲ್ಲವೆಂದು ನನ್ನ ಹಳೆಯ ಬುರ್ಖಾದ ಒಂದು ತುಂಡು ಹರಿದುಕೊಂಡಿದ್ದೆ. ಕೊನೆಯ ಒಂದು ಲೋಟದಷ್ಟು ಬೀಳುವಾಗ ಕರಿಬಟ್ಟೆಯ ಮೇಲೆ ಅವು ಬಂದವು. ಅರ್ಧ ಕರಗಿ, ಅಂಚು ಮೊಂಡಾದ ಹರಳುಗಳು.

ಅಲ್ಲಿಗೆ ಕಾಕಾನ ಮೇಲಿನ ಕಳಂಕ ತೊಳೆದುಹೋಯಿತು. ಆಗಲೇ ಅವರ ಮನೆಗೆ ಓಡಬೇಕಿತ್ತು. ಹೋಗಲಿಲ್ಲ. ಅನುಮಾನದ ರುಚಿ ಹತ್ತಿತ್ತು ನನಗೆ. ಕ್ಯಾನಿನವನನ್ನು ಕೈಯಾರೆ ಹಿಡಿಯಬೇಕೆನಿಸಿತ್ತು. ಅವನೇ ಹಾಕುತ್ತಿದ್ದನೇ? ತೂಕ ಹೆಚ್ಚಿಸಲಿಕ್ಕೋ? ಪೆಟ್ರೋಲನ್ನು ಯಾರು ತೂಗುತ್ತಾರೆ? ಯಾರಾದರೂ ಬೇರೆ ರೊಟ್ಟಿಯವರು ಅವನ ಕೈಗೆ ಕೊಟ್ಟು ಹಾಕಿಸುತ್ತಿದ್ದಾರೆಯೇ? ಇಂಡಿಯ ಮಾಲಕನ ನಗು ಕೂಡ ಬೇರೆ ಥರ ಕೇಳತೊಡಗಿತು.

ಮಂಗಳವಾರ ಬೆಳಿಗ್ಗೆ ಖಾಲಿ ಕ್ಯಾನನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಳಗೆ ಒಣಗಿ ಸ್ವಚ್ಛವಿತ್ತು. ಮುಚ್ಚಳ ಬಿಗಿದು, ಎಂದಿನಂತೆ ಬಾಗಿಲ ಕಟ್ಟೆಯ ಮೇಲಿಟ್ಟೆ. ಅವನು ಅದನ್ನು ಎತ್ತಿಕೊಳ್ಳುವಾಗ ಇನ್ನೊಮ್ಮೆ ತೆರೆದು ತೋರಿಸಿ, ಸ್ವಚ್ಛವಿತ್ತೆಂದು ಒಪ್ಪಿಸಿ ಕಳಿಸುವುದು ನನ್ನ ಲೆಕ್ಕ. ಶನಿವಾರ ಹರಳು ಸಿಕ್ಕರೆ ಅವನೇ ಹೊಣೆ. ರೊಟ್ಟಿ ಬಡಿಯುವವರಿಗೆ ಕೆಲಸ ಒಪ್ಪಿಸಿ ಅಡುಗೆಮನೆಯ ಜಾಳಿಗೆ ಕಿಟಕಿಯ ಹಿಂದೆ ನಿಂತೆ. ಕಟ್ಟೆಯ ಮೇಲೆ ಕೆಲವು ವಾರಗಳಿಂದ ಇರುವೆಯ ಸಾಲು ಹರಿಯುತ್ತಿತ್ತು. ನಾನು ಅರಿಶಿನದ ಗೆರೆ ಎಳೆದಷ್ಟೂ ಅವು ಸುತ್ತುಹಾಕಿ ಬರುತ್ತಿದ್ದವು. ಪೆಟ್ರೋಲ್ ನಾರುವ ಆ ಜಾಗಕ್ಕೆ ಇರುವೆ ಯಾಕೆ ಬರಬೇಕು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಒಳಗೆ ಅಮ್ಮ ತಸ್ಬೀ ಮಣಿ ಎಣಿಸುವುದು ಮುಗಿಯಿತು. ಅವರು ಬಲಗೈ ಮುಷ್ಟಿ ಮುಚ್ಚಿಕೊಂಡು ಹೊರಗೆ ಬಂದರು. ಕ್ಯಾನಿನ ಮುಂದೆ ನಿಧಾನ ಕೂತು, ಎಡಗೈಯಿಂದ ಮುಚ್ಚಳ ತಿರುವಿ, ಮುಷ್ಟಿಯನ್ನು ಕ್ಯಾನಿನ ಬಾಯಿಗೆ ಹಚ್ಚಿದರು. “ಬಿಸ್ಮಿಲ್ಲಾ.” ಒಣ ಪ್ಲಾಸ್ಟಿಕ್ಕಿನೊಳಗೆ ಸಣ್ಣಗೆ ಸರ್ರನೆ ಸದ್ದಾಯಿತು. ಮುಚ್ಚಳ ಬಿಗಿದು, ಅಂಗೈಗೆ ಅಂಟಿದ ಹರಳುಗಳನ್ನು ಕಟ್ಟೆಯ ಮೇಲೆ ಕೊಡವಿದರು. ಇರುವೆಗಳು ಆ ಕಡೆ ತಿರುಗಿದವು.

ನಾನು ಹೊರಗೆ ಬಂದದ್ದು ಅವರಿಗೆ ತಿಳಿಯಿತು. “ಯಾಕ ಬೇಟಿ, ಕಳ್ಳರಂಗ ಕಿಡಕಿ ಹಿಂದ ನಿಂತಿದ್ದಿ?”

“ಅಮ್ಮಾ, ಅದು ಪೆಟ್ರೋಲ್ ಕ್ಯಾನ್ ರೀ.”

“ಗೊತ್ತೈತಿ. ಮೂಗ ಐತಿ ನನಗ.”

“ಮತ್ತ ಸಕ್ಕರಿ ಯಾಕ್ರಿ ಹಾಕಿದ್ರಿ?”

ಅವರು ನನ್ನನ್ನು ಕನಿಕರದಿಂದ ನೋಡಿದರು. “ಮಂದಿ ಡಬ್ಬಿ ಬರೇದ ಕಳಸ್ತಾರೇನ? ಇಷ್ಟ ಓದೀಯಲ್ಲ, ಅಷ್ಟ ತಿಳಿಯಂಗಿಲ್ಲ? ನೀ ರೊಟ್ಟಿ ಗಡಿಬಿಡ್ಯಾಗ ಖಾಲಿ ಡಬ್ಬಿ ಹಂಗ ಇಡ್ತೀ. ನಾನಽ ನೆನಪಿಟ್ಟ ಹಾಕ್ತೇನಿ. ಅಂವಾ ಮನ್ಯಾಗ ಮಕ್ಕಳಿಗೆ ಸುರವಿ ಕೊಟ್ಟ, ತೊಳದ, ಆಮ್ಯಾಲ ತುಂಬ್ತಾನ. ಯಾರರ ತೊಳೀಲಾರದ ತುಂಬ್ತಾರೇನ?”

ಅವರ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಮರಳಿ ಹೋದ ಡಬ್ಬಿಯಿಂದ ಸಕ್ಕರೆ ತೆಗೆದುಕೊಂಡು ತೊಳೆಯದ ಮನೆಯನ್ನು ಅವರು ಎಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ನಾಲ್ಕು ತಿಂಗಳು, ವಾರಕ್ಕೆರಡು ಹಿಡಿ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಗಾಡಿ ನಿಂತದ್ದು, ಜಾಳಿಗೆ, ಪಾಕ, ಕಾಕಾನ ಪೊಟ್ಟಣ, ಎಲ್ಲ ಹೇಳಿದೆ. ಗಾಡಿಯ ಮಾತಿಗೆ ಅಮ್ಮ ಅಷ್ಟೇನೂ ಅಲುಗಲಿಲ್ಲ. ಕಾಕಾನ ಮಾತು ಬಂದಾಗ, ಸೆರಗಿಗೆ ಒರೆಸಿಕೊಳ್ಳುತ್ತಿದ್ದ ಅವರ ಕೈ ನಿಂತಿತು.

“ಬೀಗರ ಊರಿಗೆ ಹೋಗ್ಯಾನ ಅಂದಿದ್ದಿ.”

“ಸುಳ್ಳ ಹೇಳಿದ್ನಿ ಅಮ್ಮಾ.”

ಅಷ್ಟರಲ್ಲಿ ಮೋಟಾರ್ ಸೈಕಲ್ ಬಂತು. ಇನ್ನು ಮುಂದೆ ಪೆಟ್ರೋಲ್ ಬೇಡ, ಕ್ಯಾನು ಒಯ್ಯಿರಿ ಎಂದೆ. ಕರಿಬಟ್ಟೆಯ ಹರಳು ತೋರಿಸಿ ಕೇಳಿದೆ: “ಇದು ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲೇನು?”

“ತಳದಾಗ ಏನೋ ಬೆಳ್ಳಗ ಇರತಿತ್ರಿ. ಯಾರ ಬಗ್ಗಿ ನೋಡ್ತಾರ?”

“ನೀರು? ಚಿಮಣಿ ಎಣ್ಣೆ?”

“ಅದನ್ನ ನನಗ ಕೊಡಾವ್ರನ್ನ ಕೇಳ್ರಿ.”

“ಅವರು ಯಾರು?”

ಅವನು ಹಸಿರು ದಾರದ ಕ್ಯಾನು ಎತ್ತಿ ಮುಚ್ಚಳ ತೆಗೆದು, ಸಕ್ಕರೆಯನ್ನು ಮಣ್ಣಿಗೆ ಕೊಡವಿ, ಗಾಡಿಗೆ ಕಟ್ಟಿಕೊಂಡ. ಅಮ್ಮ “ನಿಲ್ಲೋ ತಮ್ಮಾ” ಎಂದು ಒಳಗೆ ಹೋದವರು ಕಾಗದದಲ್ಲಿ ಒಂದು ಹಿಡಿ ಸಕ್ಕರೆ ಸುತ್ತಿ ತಂದರು. “ಕ್ಯಾನಿನ್ಯಾಗ ಬ್ಯಾಡ. ಕೈಯಾಗ ಹಿಡಿ.” ಕಳ್ಳಮಾಲು ಮಾರುವ ಆ ಮನುಷ್ಯ ತಲೆ ತಗ್ಗಿಸಿ ಅದನ್ನು ತೆಗೆದುಕೊಂಡು ಹೋದ. ಮತ್ತೆ ನಮ್ಮ ಓಣಿಯಲ್ಲಿ ನಾನು ಅವನನ್ನು ಕಾಣಲಿಲ್ಲ.

ಮಧ್ಯಾಹ್ನ ಆಟೋ ಮಾಡಿಕೊಂಡು ಕಾಕಾನ ಮನೆಗೆ ಹೋದೆವು. ಅವರ ಮನೆಯಿಂದ ಶೇಂಗಾ ಹೋಳಿಗೆ ಬಂದಿದ್ದ ಒಂದು ಡಬ್ಬಿ ನಮ್ಮಲ್ಲೇ ಉಳಿದಿತ್ತು. ಅಮ್ಮ ಅದಕ್ಕೆ ಖಡಕ್ ರೊಟ್ಟಿ ಜೋಡಿಸಿ ಮಡಿಲಲ್ಲಿಟ್ಟುಕೊಂಡರು. ನಾನು ನೋಟ್‌ಬುಕ್ ಹಿಡಿದುಕೊಂಡೆ. ಕಾಕಾ ಕುರಿದೊಡ್ಡಿಯ ಬಾಗಿಲಿಗೆ ತಂತಿ ಬಿಗಿಯುತ್ತಿದ್ದರು. ಅಮ್ಮನನ್ನು ಕಂಡು ಎದ್ದು ಗೋಣಿಚೀಲ ಹಾಸಿದರು. ನನ್ನ ಕಡೆ ನೋಡಲಿಲ್ಲ.

“ಸಕ್ರಿ ನಾ ಹಾಕೀನಪಾ,” ಎಂದು ಅಮ್ಮ ಕೂರುವ ಮೊದಲೇ ಶುರುಮಾಡಿ ಎಲ್ಲ ಹೇಳಿದರು. ಕ್ಯಾನು ತೊಳೆಯದವನಿಗೆ ಎರಡು ಬೈಗುಳವನ್ನೂ ಸೇರಿಸಿದರು. ಕಾಕಾನ ಮೀಸೆಯ ಅಡಿ ನಗುವೊಂದು ಬಂದು ಹೋಯಿತು.

“ಅಮ್ಮಾರ, ನೀವ ಹಾಕಿದ್ದಕ್ಕ ಎಂಜಿನ್ನೂ ಸಿಟ್ಟಾಗಿರಲಿಕ್ಕಿಲ್ಲ ಬಿಡ್ರಿ.”

“ತಪ್ಪಾತು ಕಾಕಾ,” ಎಂದೆ ನಾನು. “ಕೇಳಬಾರದಾಗಿತ್ತು.”

“ನೀವ ಕೇಳಿದ್ದಕ್ಕ ನನಗ ಸಿಟ್ಟಿಲ್ಲ,” ಎಂದರು ಅವರು, ಈಗಲೂ ತಂತಿಯನ್ನೇ ನೋಡುತ್ತ. “ಕೇಳೂಕಿಂತ ಮೊದಲ ಬರದಿಟ್ಟಿದ್ರೆಲ್ಲ. ಆಗ ಕಾಕಾ ಎಲ್ಲಿದ್ದರು, ಅಂತ. ಬುಕ್ ಸೀಟಿನ ಮ್ಯಾಲ ಬಿಟ್ಟ ಇಳೀತಿದ್ರಿ. ನನಗ ಓದಾಕ ಬರ್ತೈತ್ರಿ ಭಾಬಿ.”

ನಾನು ನೋಟ್‌ಬುಕ್ ತೆರೆದು ಅದೇ ಹಾಳೆಯ ಕೆಳಗೆ, ಅವರ ಎದುರಿಗೇ ಬರೆದೆ: ‘ಸಕ್ಕರೆ ಹೋದದ್ದು ನಮ್ಮ ಮನೆಯಿಂದ. ಕೆಟ್ಟ ಪೆಟ್ರೋಲ್ ತರಿಸಿದವಳು ನಾನು. ಪಂಪಿನದೆಂದು ಸುಳ್ಳು ಹೇಳಿದವಳೂ ನಾನು. ಆಗೆಲ್ಲ ಕಾಕಾ ಗಾಡಿಯ ಬಳಿ ಇದ್ದರು, ಗಾಡಿ ಕಾಯುತ್ತ.’ ಅವರು ತೆಗೆದುಕೊಂಡು, ತುಟಿ ಅಲುಗಿಸುತ್ತ, ಪೂರ್ತಿ ಓದಿದರು.

“ಮೇಸ್ತ್ರಿಗೂ ಇದನ್ನ ಹೇಳ್ತೀರೇನ್ರಿ?”

“ಇವತ್ತ ಹೇಳ್ತೇನಿ. ನಮ್ಮ ಮನೆಯವರಿಗೂ.”

“ಪೆಟ್ರೋಲ್?”

“ಪಂಪಿನಲ್ಲೇ. ಖರೇನ.”

“ವಿಚಾರ ಮಾಡ್ತೇನ್ರಿ,” ಎಂದು ಪುಸ್ತಕ ಮರಳಿ ಕೊಟ್ಟರು.

ಗ್ಯಾರೇಜಿನಲ್ಲಿ ನನ್ನ ಸುಳ್ಳನ್ನು ಒಪ್ಪಿಕೊಂಡಾಗ ಮೇಸ್ತ್ರಿ ಜೇಬಿನಿಂದ ಹಳೆಯ ಪ್ಲಗ್ ತೆಗೆದು ತೋರಿಸಿ, “ಇದು ಆವತ್ತ ಹೇಳಿತ್ತ್ರಿ ನನಗ. ನಿಮ್ಮ ಬಾಯಿಂದ ಬರಲಿ ಅಂತ ಸುಮ್ನಿದ್ದೆ,” ಎಂದರು. ಟ್ಯಾಂಕ್ ತೊಳೆದು ಒಣಗಿಸಿ, ಪಂಪು, ಜಾಳಿಗೆ ಹೊಸವು ಹಾಕಿ, ಇಂಜೆಕ್ಟರು ಸ್ವಚ್ಛ ಮಾಡಿದರು. ಮನೆಯವರು ಫೋನಿನಲ್ಲಿ, “ಅಮ್ಮಗ ಏನೂ ಅನಬ್ಯಾಡ,” ಎಂದಷ್ಟೇ ಅಂದರು.

ಸೋಮವಾರ ಬೆಳಿಗ್ಗೆ ಕಾಕಾ ಬಂದರು. ಕೀಲಿ ಕೊಟ್ಟೆ. ಮೊದಲು ಪಂಪಿಗೆ ಹೋದೆವು, ಆಮೇಲೆ ಮುದ್ದೇಬಿಹಾಳ. ನಿಡಗುಂದಿ ದಾಟಿದ ಏರಿನಲ್ಲಿ ಇಬ್ಬರ ಕಿವಿಯೂ ಹಿಂದಿನ ಪೆಟ್ಟಿಗೆಗಳ ಮೇಲಿತ್ತು. ಗಾಡಿ ಏರು ದಾಟಿತು. ಒಂದು ರೊಟ್ಟಿಯೂ ಸದ್ದು ಮಾಡಲಿಲ್ಲ. ಈಗ ಸಕ್ಕರೆಯ ಪೊಟ್ಟಣ ಡ್ಯಾಶ್‌ಬೋರ್ಡಿನ ಮೇಲೆಯೇ, ಎಲ್ಲರಿಗೂ ಕಾಣುವಂತೆ ಇರುತ್ತದೆ. ಹನ್ನೆರಡಕ್ಕೆ ಎಲ್ಲಿದ್ದರೂ ಗಾಡಿ ನಿಲ್ಲಿಸಿ ಅವರು ಬುತ್ತಿ ಬಿಚ್ಚಬೇಕು. ಅದು ನಾನು ಮಾಡಿದ ನಿಯಮ.

ಮರುದಿನ ಡಬ್ಬಿ ಬಂತು. ಬರಿದು. ಇಂಡಿಯಿಂದ ಬಂದ ಮರುದಿನವೂ ಬರಿದು. ಮತ್ತೊಂದು ವಾರವೂ ಹಾಗೆಯೇ. ಡಬ್ಬಿ ತೊಳೆದಿಡುವಾಗಲೆಲ್ಲ ಮೇಲಿನ ಅಂಕಣವನ್ನು ಬೇಡವೆಂದರೂ ಕೈ ತೆರೆಯುತ್ತಿತ್ತು.

ಮೂರನೆಯ ವಾರದ ಮಂಗಳವಾರ ಅದು ಕಟ್ಟೆಯ ಮೇಲಿತ್ತು, ಕಾಕಾ ಅಂಗಳದಲ್ಲಿ ಗಾಡಿ ಒರೆಸುತ್ತಿದ್ದರು. ಎತ್ತಿದಾಗ ಒಳಗೆ ಏನೋ ಸರಿದಾಡಿತು. ತೆರೆದೆ. ನಾಲ್ಕು ಮಡಿಕೆಯ ಸಣ್ಣ ಕಾಗದದ ಪೊಟ್ಟಣ.

“ಏನ ಕಳಿಸ್ಯಾನ?” ಅಮ್ಮ ಒಳಗಿನಿಂದ ಕೇಳಿದರು.

“ಸಕ್ಕರಿ ಅಮ್ಮಾ.”

ಅವರು ನಗುವುದು ಕೇಳಿಸಿತು. “ಚಹಾಕ್ಕ ಇಡು. ಅವಂಗ ಬ್ಯಾರೆ ತಗಿ, ಸಕ್ರಿ ಹಾಕದ.”

ಪೊಟ್ಟಣ ಬಿಚ್ಚುವಾಗ ನಾಲ್ಕಾರು ಹರಳು ಕಟ್ಟೆಯ ಮೇಲೆ ಚೆಲ್ಲಿದವು. ಅರಿಶಿನದ ಡಬ್ಬಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ತೆಗೆಯಲಿಲ್ಲ. ಇರುವೆಗಳು ಬಂದು ಒಯ್ದವು.